ತತ್ತಿಯ ಸಿಪ್ಪೆಗೆ ಬೇರೆ ಬಟ್ಟಲಿರಲಿ

ಪ್ರೀತಿಯ ಅಕ್ಕೋರೆ,

ನಿಮ್ಮ ಪತ್ರ ಮುಟ್ಟಿತು. ಅಂಕಲಗಿಯ ನಿಮ್ಮ ಪಡಸಾಲೆಯ ಪಂಜರದಲ್ಲಿ ಹೆಣ್ಣುಹಕ್ಕಿ ಇಟ್ಟ ತತ್ತಿ ಬೆರಳು ತಾಗಿದರೆ ತಗ್ಗುವಷ್ಟು ಮೆತ್ತಗಿತ್ತು ಎಂದು ಓದಿ ಕಸಿವಿಸಿಯಾಯಿತು. ಶಾಲೆಯ ಬಿಸಿಯೂಟದ ತತ್ತಿಯ ಸಿಪ್ಪೆ ಬುಟ್ಟಿಗಟ್ಟಲೆ ಬೀಳುತ್ತದೆ, ಅದನ್ನೇ ತಂದು ಹಾಕಲೇ ಎಂದು ಕೇಳಿದ್ದೀರಿ. ಹಾಕಿ. ಆದರೆ ತಂದದ್ದನ್ನು ಹಾಗೆಯೇ ಹಾಕಬೇಡಿ, ಕಾಳಿನಲ್ಲಿ ಬೆರೆಸಿಯೂ ಹಾಕಬೇಡಿ. ಯಾಕೆ ಬೇಡ, ಮನೆಯಲ್ಲಿ ಹೇಗೆ ಮಾಡಿಕೊಳ್ಳಬೇಕು ಎನ್ನುವುದನ್ನು ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ. ಬಿಡುವಾದಾಗ ಓದಿ.

ಮೊದಲು ನಿಮ್ಮ ಹಕ್ಕಿಯ ಬಗ್ಗೆ. ನಮ್ಮ ಕಡೆ ಅಂಗಡಿಯವರು 'ಲವ್ ಬರ್ಡ್ಸ್' ಎಂದು ಕೊಡುವುದು ಹೆಚ್ಚಾಗಿ ಆಸ್ಟ್ರೇಲಿಯಾ ಮೂಲದ ಬಡ್ಜಿಗಳನ್ನು. ಕೊಕ್ಕಿನ ಮೇಲೆ ಮೂಗಿನ ಹೊಳ್ಳೆ ಇರುವ ಜಾಗ ಒಂದಕ್ಕೆ ನೀಲಿ, ಇನ್ನೊಂದಕ್ಕೆ ಕಂದು ಎಂದು ಬರೆದಿದ್ದೀರಲ್ಲ, ಹಾಗಿದ್ದರೆ ಅವು ಬಡ್ಜಿಗಳೇ. ಸಾಮಾನ್ಯವಾಗಿ ನೀಲಿಯದು ಗಂಡು, ಕಂದಿನದು ಹೆಣ್ಣು. ದಿನ ಬಿಟ್ಟು ದಿನ ಒಂದರಂತೆ ನಾಲ್ಕರಿಂದ ಆರು ತತ್ತಿ ಇಡುವ ಹಕ್ಕಿ ಇದು. ಮೂವತ್ತು ನಲವತ್ತು ಗ್ರಾಂ ತೂಗುವ ಆ ಸಣ್ಣ ಮೈಯಿಂದಲೇ ಅಷ್ಟೂ ತತ್ತಿಗೆ ಸಿಪ್ಪೆ ಬರಬೇಕು.

ಅದು ಬರುವುದೆಲ್ಲಿಂದ? ನೀವು ಹಾಕುತ್ತಿರುವುದು ನವಣೆ, ನಡುನಡುವೆ ಸಜ್ಜೆ, ಸೂರ್ಯಕಾಂತಿ ಬೀಜ. ಹೈದರಾಬಾದಿನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ನ್ಯೂಟ್ರಿಷನ್‌ನವರ ಹಳೆಯ ಕೋಷ್ಟಕ ತೆಗೆದು ನೋಡಿದರೆ 100 ಗ್ರಾಂ ನವಣೆಯಲ್ಲಿ ಕ್ಯಾಲ್ಸಿಯಂ 31 ಮಿಲಿಗ್ರಾಂ, ರಂಜಕ 290 ಮಿಲಿಗ್ರಾಂ. ಸಜ್ಜೆಯಲ್ಲಿ 42ಕ್ಕೆ 296. ನಮ್ಮ ಜೋಳದಲ್ಲಿ 25ಕ್ಕೆ 222. ಹಕ್ಕಿಯ ಮೈಗೆ ಬೇಕಾದದ್ದು ಇದಕ್ಕೆ ತಿರುವುಮುರುವು: ರಂಜಕದ ಒಂದೂವರೆ ಪಟ್ಟೋ ಎರಡು ಪಟ್ಟೋ ಕ್ಯಾಲ್ಸಿಯಂ. ರಂಜಕ ಹೀಗೆ ಹೆಚ್ಚಾದಾಗ ಇದ್ದಷ್ಟು ಕ್ಯಾಲ್ಸಿಯಂ ಕೂಡ ಮೈಗೆ ಪೂರ್ತಿ ಹತ್ತುವುದಿಲ್ಲ. ಕಾಳಷ್ಟನ್ನೇ ತಿಂದು ಬದುಕುವ ಪಂಜರದ ಹಕ್ಕಿಗೆ ಹೊಟ್ಟೆ ತುಂಬಿರುತ್ತದೆ, ಎಲುಬು ಬರಿದಾಗಿರುತ್ತದೆ. ಅದೇ ಕೋಷ್ಟಕದಲ್ಲಿ ರಾಗಿಗೆ 344 ಮಿಲಿಗ್ರಾಂ, ನುಗ್ಗೆಸೊಪ್ಪಿಗೆ 440. ನಿಮ್ಮ ಹಿತ್ತಲಲ್ಲಿ ನುಗ್ಗೆ ಮರ ಇದೆ ಎಂದು ಹಿಂದೊಮ್ಮೆ ಬರೆದಿದ್ದಿರಿ. ಎಳೆಯ ಎಲೆಯ ಒಂದು ಟೊಂಗೆಯನ್ನು ಚೆನ್ನಾಗಿ ತೊಳೆದು ಪಂಜರದ ಸರಳಿಗೆ ಸಿಕ್ಕಿಸಿ. ಇದನ್ನು ಇವತ್ತೇ ಮಾಡಬಹುದು.

ತತ್ತಿ ಇಡುವ ಕಾಲಕ್ಕೆ ಹೆಣ್ಣುಹಕ್ಕಿಯ ಮೈಯಲ್ಲಿ ನಡೆಯುವ ಕೆಲಸವನ್ನು ನೆನೆದರೆ ನನಗೆ ಇಂದಿಗೂ ಸೋಜಿಗ. ಕಾಲಿನ ಉದ್ದ ಎಲುಬುಗಳ ಟೊಳ್ಳಿನೊಳಗೆ ಅದು ಹೊಸದಾಗಿ ಮೆತ್ತನೆಯ ಎಲುಬು ಬೆಳೆಸಿಕೊಳ್ಳುತ್ತದೆ, ಮದುವೆಗೆಂದು ಮೊದಲೇ ದುಡ್ಡು ಕೂಡಿಟ್ಟ ಹಾಗೆ. ಸಿಪ್ಪೆ ಕಟ್ಟುವ ಹೊತ್ತಿಗೆ ತಿಂದದ್ದು ಸಾಲದಿದ್ದರೆ ಅಲ್ಲಿಂದ ಕ್ಯಾಲ್ಸಿಯಂ ಕರಗಿ ಬರುತ್ತದೆ. 1934ರಲ್ಲಿ ಕೈಸ್ ಮತ್ತು ಪಾಟರ್ ಎಂಬ ವಿಜ್ಞಾನಿಗಳು ಇದನ್ನು ಪಾರಿವಾಳಗಳಲ್ಲಿ ಗುರುತಿಸಿದರು. 2005ರಲ್ಲಿ ಮೇರಿ ಶ್ವೈಟ್ಸರ್ ಮತ್ತು ಜೊತೆಗಾರರು ಟೈರನೋಸಾರಸ್ ರೆಕ್ಸ್‌ನ ತೊಡೆಯೆಲುಬಿನಲ್ಲೂ ಇದೇ ಬಗೆಯ ಅಂಗಾಂಶ ಕಂಡೆವೆಂದು ಪ್ರಕಟಿಸಿದರು. ಕೋಳಿಯಲ್ಲಾದರೆ ಒಂದು ತತ್ತಿಗೆ ಸಿಪ್ಪೆ ಕಟ್ಟಲು ಸುಮಾರು 20 ತಾಸು ಹಿಡಿಯುತ್ತದೆ, ಅದರಲ್ಲಿ ಹೆಚ್ಚಿನ ಪಾಲು ರಾತ್ರಿಯದು. ಕೂಡಿಟ್ಟದ್ದೂ ತೀರಿ, ತಿನ್ನುವುದರಲ್ಲೂ ಸಿಗದೆ ಹೋದಾಗ ಬರುವುದೇ ನೀವು ಕಂಡ ಮೆತ್ತನೆಯ ತತ್ತಿ.

ಅಡವಿಯ ಹಕ್ಕಿಗೂ ಈ ಕೊರತೆ ಬರುತ್ತದೆ. ನೆದರ್ಲೆಂಡ್ಸ್‌ನ ಕೆಲವು ಕಾಡುಗಳಲ್ಲಿ ಆಮ್ಲಮಳೆಯಿಂದ ಮಣ್ಣಿನ ಸುಣ್ಣದಂಶ ಕರಗಿಹೋಗಿ ಬಸವನಹುಳುಗಳು ಕಡಿಮೆಯಾದವು. ಆ ಹುಳುವಿನ ಚಿಪ್ಪನ್ನು ನೆಚ್ಚಿದ್ದ ಗ್ರೇಟ್ ಟಿಟ್ ಹಕ್ಕಿಗಳ ತತ್ತಿ ತೆಳುವಾಗಿ ಒಡೆಯತೊಡಗಿದವು. ಗ್ರೇವ್‌ಲ್ಯಾಂಡ್ ಎಂಬ ಸಂಶೋಧಕ ಮತ್ತು ಸಂಗಡಿಗರು 1994ರಲ್ಲಿ ಇದನ್ನು ತೋರಿಸಿಕೊಟ್ಟರು. ನಮ್ಮ ಗೋಕಾಕ ತಾಲೂಕಿನ ಧೂಪದಾಳದ ಹಿನ್ನೀರಿಗೆ ಬರುವ ಹಕ್ಕಿಗಳಿಗೆ ಗದ್ದೆ, ಕಾಲುವೆ, ಹೊಳೆದಂಡೆ ಎಲ್ಲ ತೆರೆದಿವೆ, ಬೇಕಾದದ್ದನ್ನು ಹುಡುಕಿ ತಿನ್ನುತ್ತವೆ. ಪಂಜರದ ಹಕ್ಕಿಗೆ ಹುಡುಕಲು ಎಡೆಯಿಲ್ಲ. ನಾವು ಇಟ್ಟದ್ದಷ್ಟೇ ಅದಕ್ಕೆ ಸಿಗುವುದು. ಹಾಗಾಗಿ ಈ ಕೆಲಸವನ್ನು ಕೈ ಬಿಡುವಾದಾಗ ಮಾಡುವ ಹವ್ಯಾಸವೆಂದು ನಾನು ಎಣಿಸುವುದಿಲ್ಲ. ಕೂಡಿಹಾಕಿದ ಮೇಲೆ ಅದು ನಮ್ಮ ಹೊಣೆ.

ಈಗ ಸಿಪ್ಪೆಗೆ ಬರುತ್ತೇನೆ. ಕೋಳಿತತ್ತಿಯ ಒಂದು ಸಿಪ್ಪೆ ಐದಾರು ಗ್ರಾಂ ತೂಗುತ್ತದೆ. ಅದರಲ್ಲಿ ಸುಮಾರು ಶೇ 95ರಷ್ಟು ಕ್ಯಾಲ್ಸಿಯಂ ಕಾರ್ಬೋನೇಟ್. ಲೆಕ್ಕ ಹಾಕಿದರೆ ಒಂದು ಸಿಪ್ಪೆಯಲ್ಲಿ ಹತ್ತಿರಹತ್ತಿರ ಎರಡು ಗ್ರಾಂ ಕ್ಯಾಲ್ಸಿಯಂ. ಕಂದು ಬಣ್ಣದ ಜವಾರಿ ತತ್ತಿಯಾಗಲಿ ಫಾರಂನ ಬಿಳಿ ತತ್ತಿಯಾಗಲಿ ಸಿಪ್ಪೆಯ ಗುಣ ಒಂದೇ, ಬಣ್ಣಕ್ಕೆ ಮರುಳಾಗುವುದು ಬೇಡ. ಶಾಲೆಯಲ್ಲಿ ಮಕ್ಕಳಿಗೆ ತೋರಿಸಲು ಒಂದು ಇಡೀ ತತ್ತಿಯನ್ನು ವಿನೆಗರಿನಲ್ಲಿ ಒಂದೆರಡು ದಿನ ಮುಳುಗಿಸಿಡಿ. ಗುಳ್ಳೆ ಏಳುತ್ತ ಸಿಪ್ಪೆ ಕರಗಿ ಪೊರೆಯ ಚೀಲವಷ್ಟೇ ಉಳಿಯುತ್ತದೆ. ನಿಮ್ಮ ಹಕ್ಕಿ ಇಟ್ಟ ತತ್ತಿಗೂ ಹೆಚ್ಚುಕಡಿಮೆ ಪೊರೆಯಷ್ಟೇ ಇತ್ತು. ಹಕ್ಕಿಯ ಹೊಟ್ಟೆಯ ಆಮ್ಲವೂ ಸಿಪ್ಪೆಯ ಚೂರನ್ನು ಹೀಗೆಯೇ ಕರಗಿಸುತ್ತದೆ.

ಸಿಪ್ಪೆಯ ತೊಂದರೆ ಅದರ ಮೇಲೆ ಅಂಟಿ ಬರುವುದರಲ್ಲಿದೆ. ನಮ್ಮಲ್ಲಿ ಪೇಟೆಗೆ ಬರುವ ತತ್ತಿ ಬಹುಪಾಲು ತೊಳೆಯದೇ ಬರುತ್ತದೆ. ಕೋಳಿಯ ಹಿಕ್ಕೆ ಅಂಟಿರುತ್ತದೆ, ಅದರಲ್ಲಿ ಸಾಲ್ಮೊನೆಲ್ಲಾ ಇರಬಹುದು. ಬಹಳ ಮಂದಿ ಸಿಪ್ಪೆಯನ್ನು ಮಾಳಿಗೆಯ ಮೇಲೆ ಬಿಸಿಲಿಗೆ ಹರವಿ, ಗರಿಗರಿಯಾದ ಮೇಲೆ ಪುಡಿ ಮಾಡಿ ಹಾಕುತ್ತಾರೆ. ಬಿಸಿಲಿಗೆ ಒಣಗಿಸಿದರೆ ಸಾಲದು ಅಕ್ಕೋರೆ. ಈ ರೋಗಾಣು ಒಣಗಿದ ಜಾಗದಲ್ಲೂ ವಾರಗಟ್ಟಲೆ, ತಿಂಗಳುಗಟ್ಟಲೆ ಜೀವ ಹಿಡಿದಿರಬಲ್ಲದು. ಅದನ್ನು ಕೊಲ್ಲುವುದು ಕುದಿನೀರಿನ ಬಿಸಿ. ಹಕ್ಕಿಜ್ವರದ ಭಯಕ್ಕೂ ಇದೇ ಉತ್ತರ. 2006ರಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ದೇಶಕ್ಕೆ ಮೊದಲ ಬಾರಿಗೆ ಕಾಲಿಟ್ಟ ಆ ವೈರಾಣು 70 ಡಿಗ್ರಿ ಬಿಸಿಗೆ ಸಾಯುತ್ತದೆ.

ಶಾಲೆಯ ಸಿಪ್ಪೆ ಬೆಂದ ತತ್ತಿಯದು, ಅದು ಒಳ್ಳೆಯದೇ. 2024ರಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್‌ನ ನೆರವೂ ಸೇರಿ ವಾರಕ್ಕೆ ಆರು ದಿನ ಮಕ್ಕಳಿಗೆ ತತ್ತಿ ಸಿಗುವಂತಾದ ಮೇಲೆ ಹಳ್ಳಿಯ ಶಾಲೆಯಲ್ಲೂ ಸಿಪ್ಪೆಗೆ ಬರವಿಲ್ಲ. ಆದರೆ ಹತ್ತಾರು ಕೈ ಸುಲಿದು, ಊಟದ ಅಗಳು, ಸಾರು, ಉಪ್ಪು ಮೆತ್ತಿಕೊಂಡು, ನೆಲದ ಧೂಳಿನ ಜೊತೆ ಬುಟ್ಟಿಗೆ ಬಿದ್ದದ್ದು ಅದು. ಅಡುಗೆಯವರು ಸುಲಿದು ಬೇರೆ ಪಾತ್ರೆಗೆ ಹಾಕಿದ್ದು ಸಿಕ್ಕರೆ ಅದನ್ನೇ ಕೇಳಿ ತನ್ನಿ. ಎರಡು ಹಿಡಿ ಸಾಕು, ಬಡ್ಜಿಗಳಿಗೆ ತಿಂಗಳುಗಟ್ಟಲೆ ಬರುತ್ತದೆ. ಎಗ್ ರೈಸ್ ಗಾಡಿಯವರ ಹಸಿ ಸಿಪ್ಪೆಯನ್ನು ಮಾತ್ರ ತರಬೇಡಿ. ರಾತ್ರಿಯೆಲ್ಲ ಚೀಲದಲ್ಲಿ ಕೊಳೆತಿರುತ್ತದೆ.

ತಂದ ಕೂಡಲೇ ಅಗಲ ಬೋಗುಣಿಯಲ್ಲಿ ನೀರು ಹಾಕಿ ಕೈಯಿಂದ ತಿಕ್ಕಿ ತೊಳೆಯಿರಿ. ಸಾಬೂನು, ಪಾತ್ರೆ ತೊಳೆಯುವ ಪುಡಿ, ಬ್ಲೀಚಿಂಗ್ ಯಾವುದೂ ಬೇಡ. ಸಿಪ್ಪೆಯ ತುಂಬ ಕಣ್ಣಿಗೆ ಕಾಣದ ರಂಧ್ರಗಳಿವೆ, ಹಾಕಿದ್ದು ಒಳಗೆ ಇಳಿಯುತ್ತದೆ. ನೆನೆದಾಗಲೇ ಒಳಪೊರೆಯನ್ನು ಬೆರಳಿನಿಂದ ಎಬ್ಬಿಸಿ ತೆಗೆಯಿರಿ. ಪೊರೆ ವಿಷವಲ್ಲ, ಆದರೆ ಅದು ತೇವ ಹಿಡಿದಿಟ್ಟುಕೊಂಡು ಬೂಸಲು ತರಿಸುತ್ತದೆ. ಅಲ್ಲಲ್ಲಿ ಉಳಿದರೆ ಚಿಂತೆಯಿಲ್ಲ. ಆಮೇಲೆ ಸಿಪ್ಪೆ ಮುಳುಗುವಷ್ಟು ನೀರು ಹಾಕಿ, ಕುದಿ ಬಂದ ಮೇಲೆ ಪೂರಾ ಹತ್ತು ನಿಮಿಷ ಕುದಿಸಿ. ಕುಕ್ಕರಿನಲ್ಲಿ ಇಟ್ಟರೆ ಇನ್ನೂ ಚಲೋ, ಸೀಟಿ ಹೊಡೆಯುವ ಹೊತ್ತಿಗೆ ಒಳಗೆ 120 ಡಿಗ್ರಿಯ ಹತ್ತಿರ ಬಿಸಿಯಿರುತ್ತದೆ. ದವಾಖಾನೆಯಲ್ಲಿ ಕತ್ತರಿ ಚಾಕುಗಳನ್ನು ಶುದ್ಧ ಮಾಡುವ ಯಂತ್ರದಲ್ಲೂ ಇಷ್ಟೇ. ನೀರು ಬಸಿದು ಸ್ವಚ್ಛ ಅರಿವೆಯ ಮೇಲೆ ಹರವಿ ನೀರು ಆರಲು ಬಿಡಿ.

ಇನ್ನು ಹುರಿಯುವುದು. ಓವನ್ ಇದ್ದವರು 120 ಡಿಗ್ರಿಗೆ ಇಪ್ಪತ್ತು ನಿಮಿಷ ಇಡುತ್ತಾರೆ. ನಮಗೆ ರೊಟ್ಟಿಯ ಹಂಚೇ ಸಾಕು. ಕಬ್ಬಿಣದ ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಕೈಯಾಡಿಸುತ್ತ ಹತ್ತು ಹದಿನೈದು ನಿಮಿಷ ಬಿಸಿ ಮಾಡಿ. ಸಿಪ್ಪೆ ಕಪ್ಪಾಗಬಾರದು, ಚಿವುಟಿದರೆ ಚಟ್ಟೆಂದು ಮುರಿಯಬೇಕು. ಇಲ್ಲಿ ಒಂದು ಮಾತನ್ನು ಎರಡು ಸಲ ಓದಿಕೊಳ್ಳಿ. ನಾನ್‌ಸ್ಟಿಕ್ ತವಾ ಬಳಸಬೇಡಿ. ಖಾಲಿ ನಾನ್‌ಸ್ಟಿಕ್ ಪಾತ್ರೆ ಅತಿಯಾಗಿ ಕಾದರೆ ಅದರ ಲೇಪದಿಂದ ಹೊರಡುವ ಹೊಗೆ ಮನುಷ್ಯರಿಗೆ ಗೊತ್ತೂ ಆಗದಿರಬಹುದು, ಆದರೆ ಹಕ್ಕಿಗಳನ್ನು ಕೆಲವೇ ನಿಮಿಷದಲ್ಲಿ ಕೊಲ್ಲುತ್ತದೆ. ಅವುಗಳ ಶ್ವಾಸಕೋಶಕ್ಕೆ ಗಾಳಿಚೀಲಗಳು ಜೋಡಿಸಿಕೊಂಡಿವೆ, ನಮಗಿಂತ ಎಷ್ಟೋ ಚುರುಕಾಗಿ ಗಾಳಿಯಲ್ಲಿದ್ದದ್ದನ್ನೆಲ್ಲ ಹೀರುತ್ತವೆ. ಹೊಸ ಪಾತ್ರೆ ತಂದ ಮನೆಯಲ್ಲಿ ಕಾರಣ ತಿಳಿಯದೆ ಹಕ್ಕಿ ಸತ್ತರೆ ನಾನು ಮೊದಲು ಕೇಳುವುದು ಇದನ್ನೇ. ಸೊಳ್ಳೆಬತ್ತಿ, ಊದುಬತ್ತಿಯ ಹೊಗೆಯೂ ಪಂಜರದ ಹತ್ತಿರ ಬೇಡ.

ಪುಡಿ ಮಾಡಲು ಕಲ್ಲಿನ ಕುಟ್ಟಾಣಿ ಇದ್ದರೆ ಒಳ್ಳೆಯದು. ಅದರಲ್ಲಿ ಬೆಳ್ಳುಳ್ಳಿ, ಉಪ್ಪು ಜಜ್ಜಿದ್ದರೆ ಮೊದಲು ಬಿಸಿನೀರಿನಲ್ಲಿ ತೊಳೆದು ಒಣಗಿಸಿ. ಬೆಳ್ಳುಳ್ಳಿ, ಉಳ್ಳಾಗಡ್ಡಿ, ಉಪ್ಪು ಮೂರೂ ಹಕ್ಕಿಗೆ ಆಗದು. ಬಡ್ಜಿಗೆ ಉಪ್ಪಿಟ್ಟಿನ ರವೆಯಷ್ಟು ಸಣ್ಣ ಚೂರು ಸರಿ. ಚೂಪು ಅಂಚಿನ ದೊಡ್ಡ ಚಕ್ಕೆ ಉಳಿಯದಂತೆ ನೋಡಿಕೊಳ್ಳಿ. ಹಿಟ್ಟಿನಂತೆ ನುಣ್ಣಗೂ ಬೇಡ, ಮೂಗಿಗೆ ಹಾರುತ್ತದೆ. ಜವಾರಿ ಕೋಳಿಗಳಿಗಾದರೆ ಇದಕ್ಕಿಂತ ದಪ್ಪ ಚೂರೇ ಮೇಲು, ಅದು ಕಲ್ಲುಹೊಟ್ಟೆಯಲ್ಲಿ ತಡೆದು ಸಿಪ್ಪೆ ಕಟ್ಟುವ ರಾತ್ರಿಯ ಹೊತ್ತಿಗೂ ನಿಧಾನವಾಗಿ ಕರಗುತ್ತದೆ. ಅರ್ಧ ಸಿಪ್ಪೆ ಹಾಗೆಯೇ ಎಸೆದರೆ ಮಾತ್ರ ಕೋಳಿ ತನ್ನ ತತ್ತಿಯನ್ನೇ ಕುಕ್ಕುವ ಚಾಳಿ ಕಲಿಯಬಹುದು. ಪುಡಿಯನ್ನು ಪೂರ್ತಿ ಆರಿಸಿ ಗಾಜಿನ ಡಬ್ಬಿಯಲ್ಲಿಡಿ. ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ತೇವ ಎಳೆದುಕೊಂಡೀತು, ವಾಸನೆ ಬಂದರೆ ಗಿಡದ ಬುಡಕ್ಕೆ ಹಾಕಿ ಹೊಸದು ಮಾಡಿ.

ಕಾಳಿನಲ್ಲಿ ಬೆರೆಸಬೇಡಿ ಎಂದೆನಲ್ಲ. ಕ್ಯಾಲ್ಸಿಯಂ ಹೆಚ್ಚಾದರೂ ಹಕ್ಕಿಗೆ ಕೇಡು, ಮೂತ್ರಪಿಂಡ ಕೆಡುತ್ತದೆ. ತತ್ತಿ ಕೋಳಿಯ ಆಹಾರದಲ್ಲಿ ಶೇ 3.5ರಿಂದ 4ರಷ್ಟು ಕ್ಯಾಲ್ಸಿಯಂ ಇರುತ್ತದೆ. ಬಡ್ಜಿಗಳಿಗೆ ಶೇ 0.7ರ ಆಹಾರವೇ ಭಾರವಾದದ್ದು ಪರೀಕ್ಷೆಯಲ್ಲಿ ಕಂಡಿದೆ. ಹೀಗಾಗಿ ಫಾರಂ ಕೋಳಿಯ ಲೇಯರ್ ಮ್ಯಾಶ್ ತಂದು ಬಡ್ಜಿಗೆ ಹಾಕುವುದು ತಪ್ಪು. ಸಿಪ್ಪೆಪುಡಿಗೆ ಒಂದು ಸಣ್ಣ ಬಟ್ಟಲನ್ನು ಬೇರೆಯೇ ಇಡಿ, ಒಂದು ಚಿಟಿಕೆ ಹಾಕಿ, ಎರಡು ಮೂರು ದಿನಕ್ಕೊಮ್ಮೆ ಬದಲಿಸಿ. ಹಕ್ಕಿ ತನಗೆ ಬೇಕಾದಾಗ ತಿನ್ನುತ್ತದೆ. ತತ್ತಿ ಕಟ್ಟುವಾಗ ಹೆಣ್ಣು ಬಂದು ಬಂದು ಕುಕ್ಕುತ್ತದೆ, ಗಂಡು ತಿರುಗಿಯೂ ನೋಡದಿರಬಹುದು. ಈ ಅಳತೆ ಅವುಗಳಿಗೆ ನಮಗಿಂತ ಚೆನ್ನಾಗಿ ಗೊತ್ತು. ಬೆರೆಸಿಬಿಟ್ಟರೆ ಆ ಆಯ್ಕೆಯನ್ನು ನಾವು ಕಿತ್ತುಕೊಂಡಂತೆ.

ನಿಮ್ಮ ಮಾವನವರು ಎಲೆಯಡಿಕೆಯ ಸುಣ್ಣ ಹಾಕಿದರೆ ಸಾಲದೇ ಎಂದು ಕೇಳಿದ್ದಾರೆಂದು ಬರೆದಿದ್ದೀರಿ. ಅವರಿಗೆ ನನ್ನ ನಮಸ್ಕಾರ ತಿಳಿಸಿ, ದಯವಿಟ್ಟು ಬೇಡ ಎಂದು ಹೇಳಿ. ತತ್ತಿಯ ಸಿಪ್ಪೆ ಸುಟ್ಟಿರದ ಕಾರ್ಬೋನೇಟ್. ಎಲೆಗೆ ಹಚ್ಚುವ ಸುಣ್ಣ ಭಟ್ಟಿಯಲ್ಲಿ ಸುಟ್ಟು ನೀರು ಹಾಕಿ ಅರಳಿಸಿದ್ದು, ಅದು ತೀಕ್ಷ್ಣ ಕ್ಷಾರ. ನಮ್ಮ ಬಾಯಿಯನ್ನೇ ಸುಡುವ ಅದು ಹಕ್ಕಿಯ ನಾಲಿಗೆ, ಗಂಟಲನ್ನು ಬಿಟ್ಟೀತೇ? ಸುಣ್ಣದ ತಿಳಿನೀರು ಕುಡಿಸುವವರೂ ಇದ್ದಾರೆ, ನಾನು ಅದನ್ನೂ ಒಪ್ಪುವುದಿಲ್ಲ. ಸುಣ್ಣ ಬಳಿದ ಹಳೆಯ ಗೋಡೆ, ಬಣ್ಣದ ಬಾಗಿಲು ಕೊಕ್ಕಿಗೆ ಸಿಗದಂತೆಯೂ ಪಂಜರ ಇಡಿ. ಹಳೆಯ ಬಣ್ಣದಲ್ಲಿ ಸೀಸ ಇರಬಹುದು.

ಎಷ್ಟು ಕ್ಯಾಲ್ಸಿಯಂ ಕೊಟ್ಟರೂ ಬಿಸಿಲು ಸೋಕದಿದ್ದರೆ ಅದು ಮೈಗೆ ಹತ್ತುವುದಿಲ್ಲ. ಅದಕ್ಕೆ ಡಿ ಜೀವಸತ್ವ ಬೇಕು, ಅದನ್ನು ಹಕ್ಕಿ ಬಿಸಿಲಿನ ನೆರವಿನಿಂದ ತಾನೇ ಮಾಡಿಕೊಳ್ಳುತ್ತದೆ. ಕಿಟಕಿಯ ಗಾಜು ಅದಕ್ಕೆ ಬೇಕಾದ ಕಿರಣವನ್ನೇ ತಡೆಯುತ್ತದೆ. ಬೆಳಗಿನ ಬಿಸಿಲಿಗೆ ಅರ್ಧ ತಾಸು ಪಂಜರವನ್ನು ಕಟ್ಟೆಯ ಮೇಲಿಡಿ, ಅರ್ಧ ಭಾಗಕ್ಕೆ ನೆರಳಿರಲಿ, ಬೆಕ್ಕು ಕಾಗೆಗಳ ಮೇಲೆ ಕಣ್ಣಿರಲಿ. ನಮ್ಮ ಕಡೆಯ ಏಪ್ರಿಲ್ ಮಧ್ಯಾಹ್ನದ ಬಿಸಿಲಿಗೆ ಮಾತ್ರ ಬಿಡಬೇಡಿ.

ಮನೆಯಲ್ಲಿ ತತ್ತಿ ತರುವ ರೂಢಿಯಿಲ್ಲ, ಅಡುಗೆಮನೆಯಲ್ಲಿ ಹೇಗೆ ಕುದಿಸಲಿ ಎಂಬ ನಿಮ್ಮ ಅಳುಕು ನನಗೆ ಅರ್ಥವಾಗುತ್ತದೆ. ಅಡವಿಸಿದ್ಧೇಶ್ವರ ಮಠವಿರುವ ನಿಮ್ಮ ಅಂಕಲಗಿಯಲ್ಲಿ ಎಷ್ಟೋ ಮನೆಗಳ ನಡೆ ಹಾಗೆಯೇ. ಅತ್ತೆಯವರ ಮನಸ್ಸು ನೋಯಿಸಿ ಇದನ್ನು ಮಾಡಬೇಕಾಗಿಲ್ಲ. ಹಿತ್ತಲಲ್ಲಿ ಮೂರು ಕಲ್ಲಿಟ್ಟು, ಇದಕ್ಕೆಂದೇ ಒಂದು ಹಳೆಯ ಪಾತೇಲಿ, ಒಂದು ಒಡಕು ಹಂಚು ಎತ್ತಿಟ್ಟುಕೊಂಡರೆ ಮುಗಿಯಿತು. ಅದೂ ಆಗದಿದ್ದರೆ ಅಂಗಡಿಯಲ್ಲಿ ಸಿಗುವ ಮಿನರಲ್ ಬ್ಲಾಕ್ ತಂದು ಪಂಜರಕ್ಕೆ ಕಟ್ಟಿ. ಕಟಲ್ ಬೋನ್ ಎನ್ನುವುದೂ ಸಿಗುತ್ತದೆ, ಅದು ಕಡಲಜೀವಿಯೊಂದರ ಒಳಚಿಪ್ಪು, ಆಯುರ್ವೇದದವರು ಅದನ್ನು ಸಮುದ್ರಫೇನ ಎನ್ನುತ್ತಾರೆ. ಅದೂ ಕ್ಯಾಲ್ಸಿಯಂ ಕಾರ್ಬೋನೇಟೇ.

ತತ್ತಿ ಹೊಟ್ಟೆಯಲ್ಲೇ ಸಿಕ್ಕಿಕೊಳ್ಳುವುದೂ ಈ ಕೊರತೆಯಿಂದ ಬರುತ್ತದೆ. ಹೆಣ್ಣು ಪುಕ್ಕ ಉಬ್ಬಿಸಿಕೊಂಡು ಪಂಜರದ ತಳದಲ್ಲಿ ಕೂತು ಬಾಲ ಕುಣಿಸುತ್ತ ತಿಣುಕುತ್ತಿದ್ದರೆ, ಕಾಲು ಊರಲಾರದಿದ್ದರೆ, ಸಿಪ್ಪೆಪುಡಿಯಿಂದ ಏನೂ ಆಗದು. ಹೊಟ್ಟೆ ಒತ್ತಬೇಡಿ, ಒಳಗೆ ಒಡೆದರೆ ಜೀವಕ್ಕೆ ಅಪಾಯ. ಪಂಜರದ ಒಂದು ಬದಿಗೆ ಬಲ್ಬು ಹಚ್ಚಿ 30 ಡಿಗ್ರಿಯ ಆಸುಪಾಸಿನ ಬೆಚ್ಚಗೆ ಮಾಡಿ, ತಡಮಾಡದೆ ಪಶುವೈದ್ಯರ ಹತ್ತಿರ ಒಯ್ಯಿರಿ. ಅವರು ಕೊಡುವ ಕ್ಯಾಲ್ಸಿಯಂ ಚುಚ್ಚುಮದ್ದು ಎಷ್ಟೋ ಸಲ ಹಕ್ಕಿಯನ್ನು ಉಳಿಸುತ್ತದೆ.

ನಿಮ್ಮ ಐದನೆಯ ಇಯತ್ತೆಯ ಹುಡುಗನೊಬ್ಬ ಮರದ ಪೊಟರೆಯಿಂದ ಗಿಳಿಮರಿ ತಂದಿದ್ದಾನೆ, ಅದಕ್ಕೂ ಹಾಕಬಹುದೇ ಎಂದು ಕೊನೆಗೆ ಕೇಳಿದ್ದೀರಿ. ಬಡ್ಜಿ ಸಾಕಲು ಅಡ್ಡಿಯಿಲ್ಲ. ನಮ್ಮ ಹಸಿರು ಗಿಳಿಯನ್ನು ಹಿಡಿಯುವುದೂ ಸಾಕುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. 2022ರ ತಿದ್ದುಪಡಿಯಲ್ಲಿ ಅದನ್ನು ಎರಡನೆಯ ಪಟ್ಟಿಗೆ ಏರಿಸಿದ್ದಾರೆ. ಹುಡುಗನನ್ನು ಗದರಿಸಬೇಡಿ, ಕೂರಿಸಿಕೊಂಡು ತಿಳಿಸಿ ಹೇಳಿ, ಮರಿಯನ್ನು ಅರಣ್ಯ ಇಲಾಖೆಯವರಿಗೆ ಒಪ್ಪಿಸಲು ನೀವೇ ಜೊತೆಗೆ ಹೋಗಿ.

ಕಡೆಯದಾಗಿ, ಪಂಜರದಲ್ಲಿ ಕಟ್ಟಿರುವ ಗೂಡಿನ ಮಡಕೆಯನ್ನು ಇವತ್ತೇ ಇಳಿಸಿಬಿಡಿ. ಮಡಕೆ ಕಾಣುತ್ತಿದ್ದರೆ ಹೆಣ್ಣು ಮತ್ತೆ ಮತ್ತೆ ತತ್ತಿಗೆ ಕೂರುತ್ತದೆ, ಅದರ ಮೈ ಸುಧಾರಿಸಲು ಎಡೆಯೇ ಸಿಗುವುದಿಲ್ಲ. ಮೂರು ನಾಲ್ಕು ತಿಂಗಳು ಸಿಪ್ಪೆ, ನುಗ್ಗೆಸೊಪ್ಪು, ಬೆಳಗಿನ ಬಿಸಿಲು ಸಿಗಲಿ. ಆಮೇಲೆ ಬೇಕಿದ್ದರೆ ಮಡಕೆ ಕಟ್ಟಿ, ಮುಂದಿನ ತತ್ತಿ ಗಟ್ಟಿಯಾಗಿ ಬಂತೇ ಎಂದು ನನಗೆ ತಪ್ಪದೇ ಬರೆಯಿರಿ.

ಇಂತಿ ನಿಮ್ಮ ವಿಶ್ವಾಸದ ಗೆಳತಿ